ನಮ್ಮ ಮನೆಯ ಕುಂಟೆತ್ತು

ಅವ್ವ ಊರಿನಿಂದ ಬಸ್ಸಿಗೆ ಹಾಕಿ ಕಳಿಸಿದ್ದ ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಮತ್ತು ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿ ಇದ್ದವು. ಡಬ್ಬಿಯೊಳಗೆ ಕಪ್ಪನೆ ನುಣ್ಣನೆ ಪುಡಿ. ಗುರೆಳ್ಳು ಚಟ್ನಿ! ತಿಂದು ಎಷ್ಟು ದಿನವಾಗಿತ್ತು. ಎರಡು ಚಮಚ ತಟ್ಟೆಗೆ ಹಾಕಿಕೊಂಡು, ನಡುವೆ ಗುಂಡಿ ಮಾಡಿ ಎಣ್ಣೆ ಬಿಟ್ಟೆ. ರೊಟ್ಟಿ ಮುರಿದು ಹಚ್ಚಿ ಬಾಯಿಗಿಟ್ಟೆ. ಉಪ್ಪು ಕಮ್ಮಿ ಅನಿಸಿತು. ಆಮೇಲೆ ಹಲ್ಲಿನ ಸಂದಿಯಲ್ಲಿ ಕರ್ರ್ ಅಂದಿತು.

ಫೋನ್ ಹಚ್ಚಿದೆ.

"ಅಯ್ಯ ನಿನ್ನ, ಅದು ಎರಿ ಮಣ್ಣೋ! ಮಣ್ಣೆತ್ತಿನ ಅಮಾಸಿ ಬಂತಲ್ಲ, ಕುಟ್ಟಿ ಸಾಣಿಸಿ ಕಳಿಸೇನಿ. ಮೊಮ್ಮಗಳಿಗೆ ಎತ್ತು ಮಾಡಿಕೊಡು."

ಕಾರ ಹುಣ್ಣಿಮೆಗೆ ಜೀವಂತ ಎತ್ತಿನ ಪೂಜೆ. ಅದಾಗಿ 15 ದಿನಕ್ಕೆ ಬರುವ ಅಮಾವಾಸ್ಯೆಗೆ ಮಣ್ಣಿನ ಎತ್ತಿನ ಪೂಜೆ. ನಮ್ಮ ಉತ್ತರ ಕರ್ನಾಟಕದಲ್ಲಿ ಮಣ್ಣಿನ ದೇವರುಗಳದ್ದೇ ಒಂದು ದೊಡ್ಡ ಸಾಲಿದೆ: ಎತ್ತು, ಗುಳ್ಳವ್ವ, ನಾಗಪ್ಪ, ಗಣಪ್ಪ, ಜೋಕುಮಾರ. ಯಾರೂ ಜಾಸ್ತಿ ದಿನ ಇರುವವರಲ್ಲ.

ಊರಲ್ಲಿ ಕುಂಬಾರರೇ ಎತ್ತು ತಂದುಕೊಟ್ಟು ಕಾಳು ಒಯ್ಯುತ್ತಿದ್ದರು. ಹಾಗಾಗಿ ನನ್ನ ಕೈಗೆ ಈ ವಿದ್ಯೆ ಹತ್ತಿರಲಿಲ್ಲ. ಆದರೂ ಮಗಳ ಮುಂದೆ ಗೊತ್ತಿಲ್ಲ ಅನ್ನುವುದು ಹೇಗೆ? ಮಣ್ಣು ಕಲಸಿದೆ. ಮೈ ಆಯಿತು, ಭುಜದ ಮೇಲೆ ಹಿಣಿಲೂ ಎದ್ದಿತು. ಆದರೆ ಕಾಲು ಇಟ್ಟ ಕೂಡಲೇ ಎತ್ತು ಮೆಲ್ಲಗೆ ಕುಸಿದು ಮಲಗಿಬಿಡುತ್ತಿತ್ತು. ಮೂರು ಸಲ ಎಬ್ಬಿಸಿದೆ. ನಾಲ್ಕನೇ ಸಲ ಕಾಲಿನೊಳಗೆ ಊದಿನಕಡ್ಡಿ ಸಿಕ್ಕಿಸಿದೆ. ನಿಂತಿತು. ವಾಸನೆಯೂ ಚೆನ್ನಾಗಿತ್ತು.

ಬೇಗ ಒಣಗಲಿ ಅಂತ ಫ್ಯಾನ್ ಕೆಳಗೆ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಕತ್ತಿನಿಂದ ಬಾಲದವರೆಗೆ ಸೀಳು, ಮುಂಗಾಲೊಂದು ಪಕ್ಕದಲ್ಲಿ ಬಿದ್ದಿದೆ. ವಿಡಿಯೋ ಕಾಲ್‌ನಲ್ಲಿ ಅವ್ವನಿಗೆ ತೋರಿಸಿದೆ.

"ಫ್ಯಾನ್ ಯಾಕ ಹಚ್ಚಿದಿ? ಎರಿ ಹೊಲ ಬ್ಯಾಸಗ್ಯಾಗ ಹೆಂಗ ಬಿರೀತದ ಮರತೇನು? ನೆಳ್ಳಾಗ ಒಣಗಸಬೇಕು. ಇರ್ಲಿ ಬಿಡು, ನಾಳೆ ಮುರಿಯೋ ಕಾಲು ಇವತ್ತ ಮುರೀತು."

ಹೌದಲ್ವಾ! ಹಬ್ಬದ ಮರುದಿನ ನಾವು ಹುಡುಗರು ಒಂದು ಎತ್ತಿನ ಕಾಲು ಮುರಿದು, ಕುಂಟೆತ್ತು ಬಂದಿದೆ ಅಂತ ಹಾಡುತ್ತ ಮನೆಮನೆಗೆ ಹೋಗಿ ಜೋಳ ಕೇಳುತ್ತಿದ್ದೆವು. ಬಂದ ಜೋಳ ಅಂಗಡಿಗೆ ಹಾಕಿ ಚುರುಮುರಿ ತಿನ್ನುತ್ತಿದ್ದೆವು.

ಪೂಜೆ ಮುಗಿಸಿದ ಮರುದಿನ ಮಗಳು ತಟ್ಟೆಯಲ್ಲಿ ಕುಂಟೆತ್ತು ಇಟ್ಟುಕೊಂಡು ಅಪಾರ್ಟ್‌ಮೆಂಟ್ ಸುತ್ತಲು ಹೊರಟಳು. ಮೊದಲ ಮನೆಯವರು ಓಟ್ಸ್ ಕೊಟ್ಟರು. ಎರಡನೇ ಮನೆಯ ಅಂಕಲ್‌ಗೆ ಶುಗರ್, ಅವರ ಪುಣ್ಯದಿಂದ ಒಂದು ಲೋಟ ಜೋಳದ ಹಿಟ್ಟು ಸಿಕ್ಕಿತು. ಮೂರನೇ ಮನೆಯ ಆಂಟಿ ಎತ್ತಿನ ಕಾಲು ನೋಡಿ, "ಅಯ್ಯೋ ಪಾಪ, ಬೀದಿನಾಯಿಗಳಿಗಾ ಕಲೆಕ್ಷನ್ನು? ಸ್ಕ್ಯಾನರ್ ಎಲ್ಲಿದೆ ಪುಟ್ಟಾ?" ಅಂದರಂತೆ. ಮಗಳು ನನ್ನ ಮೇಲೆ ಒಂದು ದಿನ ಮುನಿಸಿಕೊಂಡಳು.

ಇನ್ನು ಎತ್ತನ್ನು ನೀರಿಗೆ ಬಿಡಬೇಕು. ಕೆರೆಯವರೆಗೆ ಯಾರು ಹೋಗ್ತಾರೆ ಅಂತ ಬಾಲ್ಕನಿಯ ಬಕೆಟ್ಟಿನಲ್ಲಿ ಬಿಟ್ಟೆ. ಹಣೆಯ ಕುಂಕುಮ ಮೊದಲು ತೇಲಿತು, ಆಮೇಲೆ ಕೋಡು ಕರಗಿತು. ಕೊನೆಗೆ ಎರಡು ಊದಿನಕಡ್ಡಿ ಉಳಿದವು. ಕಪ್ಪು ನೀರನ್ನು ಸುಮ್ನೆ ಮೋರಿಗೆ ಸುರಿದೆ.

ಎರಡೇ ದಿನಕ್ಕೆ ಪೈಪು ಕಟ್ಟಿತು. ಪ್ಲಂಬರ್ ಬಂದ. ಕೈ ಹಾಕಿ ಒಂದು ಹಿಡಿ ಅಂಟಂಟು ಮಣ್ಣು ಎಳೆದ, ಬೆರಳಲ್ಲಿ ತಿಕ್ಕಿ ನೋಡಿದ.

"ಸರ, ಇದು ಎರಿ ಮಣ್ಣಲ್ರಿ? ಎತ್ತು ಮಾಡಿದ್ರೇನು?"

"ಹೌದ್ರಿ. ನಿಮ್ಮದು ಯಾವೂರು?"

"ರೋಣದ ಕಡೆ ರೀ."

ಪೈಪು ಮರೆತು ಅರ್ಧ ಗಂಟೆ ಮಾತಾಡಿದೆವು. ಹೋಗುವಾಗ ಅವನು, "ಇನ್ನಷ್ಟು ಮಣ್ಣು ಐತೇನ್ರಿ? ನಮ್ಮ ಹುಡುಗನೂ ಎತ್ತು ಎತ್ತು ಅಂತ ಗಂಟು ಬಿದ್ದಾನ" ಅಂದ. ಡಬ್ಬಿಯಲ್ಲಿ ಉಳಿದಿದ್ದನ್ನು ಕೊಟ್ಟೆ. ಸಂತೋಷದಿಂದ ತಗೊಂಡ. ಜೊತೆಗೆ 500 ರೂಪಾಯಿಯನ್ನೂ ತಗೊಂಡ.