ನೂರು ಮೀಟರಿನ ಕರ್ಚೀಫು

ರಶ್ ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯೋದು ನಮಗೇನು ಹೊಸದಲ್ಲ. ಫಿಲಿಪೀನ್ಸ್‌ನವರು ಅದನ್ನೇ ದಕ್ಷಿಣ ಚೀನಾ ಸಮುದ್ರದಲ್ಲಿ ಮಾಡಿದರು. ಕರ್ಚೀಫು ಸ್ವಲ್ಪ ದೊಡ್ಡದು, ಅಷ್ಟೆ. ನೂರು ಮೀಟರ್ ಉದ್ದ, ಪೂರ್ತಿ ಕಬ್ಬಿಣ.

ಅದೊಂದು ಹಡಗು, ಹೆಸರು ಸಿಯೆರಾ ಮಾದ್ರೆ. ಹುಟ್ಟಿದ್ದು 1944ರಲ್ಲಿ, ಅಮೆರಿಕದ ಎವಾನ್ಸ್‌ವಿಲ್‌ನಲ್ಲಿ. ಅದು ಸಮುದ್ರದ ಗಾಳಿಯೂ ಸುಳಿಯದ ನದಿದಂಡೆಯ ಊರು. ಆಗ ಹೆಸರೂ ಇರಲಿಲ್ಲ, ಬರೀ ನಂಬರು: ಎಲ್‌ಎಸ್‌ಟಿ-821. ನೇರ ದಡಕ್ಕೆ ನುಗ್ಗಿ, ಮೂತಿಯ ಬಾಗಿಲು ತೆಗೆದು ಟ್ಯಾಂಕು ಇಳಿಸುವ ಜಾತಿ. ತಳ ಚಪ್ಪಟೆ, ನಡಿಗೆ ಎಮ್ಮೆಯದ್ದು. ಎಲ್‌ಎಸ್‌ಟಿ ಅಂದರೆ 'ಲ್ಯಾಂಡಿಂಗ್ ಶಿಪ್, ಟ್ಯಾಂಕ್'; ಅಲ್ಲ, 'ಲಾರ್ಜ್ ಸ್ಲೋ ಟಾರ್ಗೆಟ್', ದೊಡ್ಡ ನಿಧಾನದ ಗುರಿ, ಅಂತ ನಾವಿಕರೇ ನಗುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಒಕಿನಾವಾ ಕದನ ನೋಡಿತು. ಹಾರ್ನೆಟ್ ಕೌಂಟಿ ಅಂತ ಹೆಸರು ಪಡೆದು ವಿಯೆಟ್ನಾಂನಲ್ಲಿ ದುಡಿಯಿತು. 1970ರಲ್ಲಿ ದಕ್ಷಿಣ ವಿಯೆಟ್ನಾಂ ಪಾಲಾಗಿ ಮಿ ಥೊ ಆಯಿತು. 1975ರಲ್ಲಿ ಆ ದೇಶವೇ ಮುಳುಗಿತು, ಹಡಗು ಮಾತ್ರ ತೇಲುತ್ತಾ ಫಿಲಿಪೀನ್ಸ್‌ಗೆ ಓಡಿ ಬಂತು. ಸೆಕೆಂಡ್ ಹ್ಯಾಂಡ್ ಸ್ಕೂಟರಿನ ಆರ್‌ಸಿಯಲ್ಲೂ ಇಷ್ಟು ಹೆಸರು ಬದಲಾಗಿರಲ್ಲ.

1995ರಲ್ಲಿ ಚೀನಾ ಮಿಸ್ಚೀಫ್ ರೀಫ್ ಎಂಬ ಹವಳದ ದಿಬ್ಬದ ಮೇಲೆ ಗುಡಿಸಲು ಹಾಕಿತು. ಮೀನುಗಾರರ ನೆರಳಿಗೆ ಅಂದಿತು. ಈಗ ಅಲ್ಲಿ ವಿಮಾನ ಇಳಿಯುವ ರನ್‌ವೇ ಇದೆ. ಎಂಥಾ ಮೀನೋ! 1999ರ ಮೇನಲ್ಲಿ ಫಿಲಿಪೀನ್ಸ್, ಪಕ್ಕದ ಸೆಕೆಂಡ್ ಥಾಮಸ್ ಶೋಲ್ ಎಂಬ ದಿಬ್ಬದ ಮೇಲೆ ಈ ಮುದಿ ಹಡಗನ್ನು ಹತ್ತಿಸಿಬಿಟ್ಟಿತು. ದಡ ಹತ್ತೋದೇ ಅದರ ಕಸುಬು ಅಲ್ವಾ? ಈ ಸಲ ಇಳಿ ಅಂತ ಯಾರೂ ಹೇಳಲಿಲ್ಲ.

ಮೈಯೆಲ್ಲ ತುಕ್ಕು. ಗೋಡೆಯ ತೂತಿನಲ್ಲಿ ಸಮುದ್ರ ಕಾಣುತ್ತೆ. ಒಳಗೆ ಬೆರಳೆಣಿಕೆಯ ಮರೀನ್‌ಗಳು, ಗಾಳ ಹಿಡಿದುಕೊಂಡು. ಆದರೂ ಕಡತದಲ್ಲಿ ಇದು ಸೇವೆಯಲ್ಲಿರುವ ಯುದ್ಧನೌಕೆ! ರಿಟೈರ್ ಮಾಡಿದರೆ ಗುಜರಿ. ಮಾಡದಿದ್ದರೆ ಅದರ ಮೇಲೆ ಕೈಮಾಡಿದವರ ಕಡೆ ಅಮೆರಿಕ ತಿರುಗಿ ನೋಡಬೇಕು, ಎರಡು ದೇಶಗಳ 1951ರ ರಕ್ಷಣಾ ಒಪ್ಪಂದ ಹಾಗಿದೆ. ಎಂಬತ್ತಾದರೂ ಅಜ್ಜನಿಗೆ ಪೆನ್ಷನ್ ಯಾಕಿಲ್ಲ ಅಂದರೆ, ಇದಕ್ಕೇ. ಈ ದಿಬ್ಬ ಫಿಲಿಪೀನ್ಸ್‌ನ ಆರ್ಥಿಕ ವಲಯದ್ದು ಅಂತ 2016ರಲ್ಲಿ ಹೇಗ್‌ನ ನ್ಯಾಯಮಂಡಳಿ ಹೇಳಿತು. ಚೀನಾ ಒಪ್ಪಲಿಲ್ಲ.

ಚೀನಾದ ಷರತ್ತು ಇನ್ನೂ ಮಜವಾಗಿದೆ. ಅಕ್ಕಿ, ನೀರು ತರಬಹುದು. ಸಿಮೆಂಟು, ಕಬ್ಬಿಣ ತರೋ ಹಾಗಿಲ್ಲ. ಅಂದರೆ ಅಜ್ಜ ಊಟ ಮಾಡಬಹುದು, ಹರಿದ ಅಂಗಿಗೆ ತೇಪೆ ಹಾಕಬಾರದು. ಇದಕ್ಕಾಗಿ ದೊಡ್ಡ ದೊಡ್ಡ ಚೀನೀ ಕೋಸ್ಟ್‌ಗಾರ್ಡ್ ಹಡಗುಗಳು ಸಾಮಾನು ತರುವ ಮರದ ದೋಣಿಗಳ ಮೇಲೆ ಜಲಫಿರಂಗಿ ಹಾರಿಸಿದವು. 2024ರ ಜೂನ್‌ನಲ್ಲಿ ಚೀನಾದವರು ಕೊಡಲಿ, ಚಾಕು ಹಿಡಿದು ಫಿಲಿಪೀನ್ಸ್‌ನ ರಬ್ಬರ್ ದೋಣಿಗಳ ಮೇಲೆ ಬಿದ್ದರು. ಆ ಗಲಾಟೆಯಲ್ಲಿ ಒಬ್ಬ ನಾವಿಕನ ಹೆಬ್ಬೆರಳೇ ಹೋಯಿತು.

ಜುಲೈನಲ್ಲಿ ರಾಜಿಯಾಯಿತು. ಮೊದಲೇ ತಿಳಿಸಿ ಬರಬೇಕು, ಸಾಮಾನು ತೋರಿಸಬೇಕು ಅಂತ ಮಾತಾಗಿದೆ ಅಂದಿತು ಚೀನಾ. ಅಂಥದ್ದೇನೂ ಮಾತಾಗಿಲ್ಲ ಅಂದಿತು ಮನಿಲಾ. ಮಾತು ಇನ್ನೂ ನಡೀತಿರುವಾಗಲೇ ಸಾಮಾನಿನ ದೋಣಿ ಹೋಗಿ, ಇಳಿಸಿ, ವಾಪಸ್ ಬಂತು.