ಶೇಕಡಾ ಕಲಿಸೋಕೆ ಚಿತ್ರ ಪುಸ್ತಕ ಬೇಕಾ, ಬೇಡ್ವಾ?

ಪರ

ನಾನು ಪ್ರೈಮರಿ ಸ್ಕೂಲಲ್ಲಿ ಪಾಠ ಮಾಡೋಳು, ನಾಲ್ಕು ಐದನೇ ಕ್ಲಾಸು. ನಮ್ಮ ಮಕ್ಕಳು ಏಳನೇ ಕ್ಲಾಸಿಗೆ ಹೋದ್ಮೇಲೆ ಶೇಕಡಾ ಲೆಕ್ಕದಲ್ಲಿ ಪಡೋ ಪಾಡು ನೋಡಿ ನೋಡಿ ಇದನ್ನ ಬರೀಲೇಬೇಕು ಅನ್ನಿಸ್ತು. 800ರಲ್ಲಿ ಶೇ 15 ಎಷ್ಟು ಅಂದ್ರೆ 120 ಅಂತ ಟಕ್ಕಂತ ಹೇಳೋ ಹುಡುಗೀನೇ, ನಿಮ್ಮ ಕ್ಲಾಸಲ್ಲಿ ಇವತ್ತು ಶೇ 60 ಜನ ಬಂದಿಲ್ಲ, ಬಂದೋರು ಜಾಸ್ತೀನಾ ಬರದೇ ಇರೋರು ಜಾಸ್ತೀನಾ ಅಂತ ಕೇಳಿದ್ರೆ "ಮಿಸ್, ಒಟ್ಟು ಎಷ್ಟು ಜನ?" ಅಂತ ನನ್ನನ್ನೇ ಕೇಳ್ತಾಳೆ. ಗುಣಿಸೋದು ಗೊತ್ತು, ನೂರರಿಂದ ಭಾಗಿಸೋದು ಗೊತ್ತು, ಆದ್ರೆ 60 ಅನ್ನೋದು ಅರ್ಧ ದಾಟಿದೆ ಅಂತ ಕಣ್ಣಿಗೆ ಕಟ್ಟಿಲ್ಲ. ಕಣ್ಣಿಗೆ ಕಟ್ಟೋದು ಮೊದಲು ಆಗಬೇಕು, ಸೂತ್ರ ಆಮೇಲೆ ಬಂದ್ರೂ ನಡೆಯುತ್ತೆ.

ಎರಡು ವರ್ಷದ ಹಿಂದೆ ಹಳೇ ಕ್ಯಾಲೆಂಡರ್ ಹಿಂಬದಿಯಲ್ಲಿ ನಾನೇ ಒಂದು ಚಿತ್ರ ಪುಸ್ತಕ ಮಾಡಿದೆ. ಕಥೆ ಬಹಳ ಸಣ್ಣದು. ಸಂಕ್ರಾಂತಿ ದಿನ ಬೆಳಗ್ಗೆ ಒಬ್ಬಳು ಹುಡುಗಿ ಅಂಗಳ ಸಾರಿಸಿ, ಸಾಲಿಗೆ ಹತ್ತರಂತೆ ಹತ್ತು ಸಾಲು ಚುಕ್ಕಿ ಇಡ್ತಾಳೆ, ರಂಗೋಲಿ ಗೆರೆ ಎಳೆಯೋ ಮೊದಲೇ ಕರು ಹಗ್ಗ ಬಿಚ್ಚಿಕೊಂಡು ಬಂದು ಒಂದು ಸಾಲು ಪೂರ್ತಿ ತುಳಿದು ಹೋಗುತ್ತೆ. ಮುಂದಿನ ಪುಟದಲ್ಲಿ ಅವಳು ಮತ್ತೆ ಚುಕ್ಕಿ ಇಡ್ತಾಳೆ, ಈ ಸಲ ತಮ್ಮ ಒಂದು ಮೂಲೇಲಿ ಬಂದು ಕೂತುಬಿಡ್ತಾನೆ, ಉದ್ದಕ್ಕೆ ಐದು ಅಡ್ಡಕ್ಕೆ ಐದು ಚುಕ್ಕಿ ಅಳಿಸಿಹೋಗುತ್ತೆ. ಕೊನೇ ಪುಟದ ತನಕ ಶೇಕಡಾ ಅನ್ನೋ ಪದಾನೇ ಬರೆದಿಲ್ಲ. ಹೋಗಿದ್ದೆಷ್ಟು ಉಳಿದಿದ್ದೆಷ್ಟು, ಅಷ್ಟೇ.

ನಾಲ್ಕನೇ ಕ್ಲಾಸಲ್ಲಿ ಒಬ್ಬ ಹುಡುಗ, ಬಾಯೇ ಬಿಡ್ತಿರಲಿಲ್ಲ, ಆ ತಮ್ಮ ಕೂತಿರೋ ಮೂಲೆ ಮೇಲೆ ಅಂಗೈ ಇಟ್ಟ. ಆಮೇಲೆ ಪಕ್ಕದ ಮೂಲೆಗೆ ಸರಿಸಿದ, ಕೆಳಗೆ ಸರಿಸಿದ, ಇನ್ನೊಂದು ಮೂಲೆಗೆ ಸರಿಸಿದ, ನಾಲ್ಕು ಸಲ. "ಮಿಸ್, ಕಾಲು ಅಂದ್ರೂ ಇಪ್ಪತ್ತೈದು ಅಂದ್ರೂ ಒಂದೇನಾ?" ಅಂದ. ಇದನ್ನ ನಾನು ಬೋರ್ಡ್ ಮೇಲೆ ಹೇಳಿದ್ರೆ ಅವನು ಬರ್ಕೋತಿದ್ದ ಅಷ್ಟೇ, ಇಲ್ಲಿ ಅವನ ಕೈಗೇ ಸಿಕ್ತು.

ಇದೇನು ನಾನು ಕಂಡುಹಿಡಿದಿದ್ದಲ್ಲ. ಮಕ್ಕಳು ಮೊದಲು ಕೈಯಿಂದ ಮಾಡಿ, ಆಮೇಲೆ ಚಿತ್ರದಲ್ಲಿ ನೋಡಿ, ಆಮೇಲೆ ಚಿಹ್ನೆಗೆ ಬರ್ತಾರೆ ಅನ್ನೋ ವಿಚಾರಾನ ಜೆರೋಮ್ ಬ್ರೂನರ್ ಅನ್ನೋ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲೇ ಮುಂದಿಟ್ಟಿದ್ರು, ಸಿಂಗಾಪುರದವರು 1980ರ ದಶಕದಿಂದ ತಮ್ಮ ಶಾಲೆ ಗಣಿತಾನ ಈ ಮೆಟ್ಟಿಲ ಮೇಲೇ ಕಟ್ಟಿದ್ರು. ನಮ್ಮಲ್ಲಿ ಒಂದನೇ ಕ್ಲಾಸಿಗೆ ಹುಣಸೆ ಬೀಜ ಕೊಡ್ತೀವಿ, ಏಳನೇ ಕ್ಲಾಸಿಗೆ ಸೂತ್ರ ಕೊಡ್ತೀವಿ, ನಡುವಿನ ಮೆಟ್ಟಿಲನ್ನ ಹಾರಿಸಿಬಿಡ್ತೀವಿ. ಹಿಂದಿನೋರು ಹಂಗೆ ಮಾಡಿರಲಿಲ್ಲ ಅನ್ಸುತ್ತೆ. 1150ರಲ್ಲಿ ಭಾಸ್ಕರಾಚಾರ್ಯರು ಬರೆದ ಲೀಲಾವತೀಲಿ ದುಂಬಿಗಳ ಲೆಕ್ಕ ಇದೆ ನೋಡಿ, ಐದನೇ ಒಂದು ಭಾಗ ಕದಂಬದ ಹೂವಿಗೆ, ಮೂರನೇ ಒಂದು ಭಾಗ ಇನ್ನೊಂದು ಹೂವಿಗೆ, ಇವೆರಡರ ವ್ಯತ್ಯಾಸದ ಮೂರು ಪಟ್ಟು ಮತ್ತೊಂದು ಹೂವಿಗೆ, ಉಳಿದ ಒಂದೇ ಒಂದು ದುಂಬಿ ಎಲ್ಲಿ ಕೂರೋದು ಅಂತ ಗೊತ್ತಾಗದೆ ಗಾಳೀಲೇ ಓಲಾಡ್ತಿರುತ್ತೆ. ಉತ್ತರ 15. ಅದು ಓದ್ತಿದ್ರೆ ಹೂದೋಟಾನೇ ಕಣ್ಣ ಮುಂದೆ ಬರುತ್ತಲ್ಲ.

ದುಡ್ಡಿಲ್ಲ ಅನ್ನೋದೂ ಕಾರಣ ಆಗಬಾರದು. ಪ್ರಥಮ್ ಬುಕ್ಸ್‌ನೋರ ಸ್ಟೋರಿವೀವರ್ ಅನ್ನೋ ವೆಬ್‌ಸೈಟಲ್ಲಿ ಕನ್ನಡ ಚಿತ್ರ ಪುಸ್ತಕಗಳನ್ನ 2015ರಿಂದ ಫ್ರೀಯಾಗಿ ಓದಬಹುದು, ಪ್ರಿಂಟ್ ತೆಗೀಬಹುದು. ಅದೂ ಆಗಲ್ಲ ಅಂದ್ರೆ ಅಂಗಳ ಇದೆ, ರಂಗೋಲಿ ಪುಡಿ ಇದೆ.

ವಿರೋಧ

ಆ ಹುಡುಗ ಅಂಗೈ ಸರಿಸಿದ್ದು ಓದಿ ನನಗೂ ಖುಷಿ ಆಯ್ತು, ಸುಳ್ಳು ಹೇಳಲ್ಲ. ಆದ್ರೆ ಅದೇ ಹುಡುಗ ನಾಲ್ಕು ವರ್ಷ ಆದ್ಮೇಲೆ ನನ್ನಂಥೋರ ಹತ್ರ ಬರ್ತಾನೆ, ನಾನು ಎಂಟು ಒಂಬತ್ತನೇ ಕ್ಲಾಸಿಗೆ ಗಣಿತ ಹೇಳ್ಕೊಡೋನು, ನನಗೆ ಅಲ್ಲಿ ಕಾಣೋ ತೊಂದರೆ ಬೇರೇನೇ ಇದೆ.

ಹೋದ ವರ್ಷ ಒಂದು ಲೆಕ್ಕ ಕೊಟ್ಟೆ. ಟೊಮೆಟೊ ಕೆಜಿಗೆ 20 ರೂಪಾಯಿ ಇದ್ದಿದ್ದು 50 ಆಯ್ತು, ಬೆಲೆ ಶೇಕಡಾ ಎಷ್ಟು ಏರ್ತು? ಒಬ್ಬ ಹುಡುಗ, ಚೆನ್ನಾಗೇ ಓದೋನು, ರಫ್ ಪೇಜಲ್ಲಿ ಚೌಕ ಹಾಕ್ಕೊಂಡ, ಅಡ್ಡಕ್ಕೆ ಹತ್ತು ಉದ್ದಕ್ಕೆ ಹತ್ತು ಮನೆ ಬರೋ ಹಂಗೆ ಗೆರೆ ಎಳೆದು ಒಂದೊಂದೇ ಮನೆ ತುಂಬ್ತಾ ಹೋದ. ನೂರೂ ತುಂಬ್ತು. ಪೆನ್ನು ಚೌಕದ ಅಂಚಿಗೆ ಬಂದು ನಿಂತುಬಿಡ್ತು. "ಸರ್, ಮನೆ ಮುಗೀತು" ಅಂದ. ಉತ್ತರ ಶೇ 150. ಅವನ ತಲೇಲಿ ಇರೋ ಚಿತ್ರದಲ್ಲಿ ಅದಕ್ಕೆ ಜಾಗಾನೇ ಇಲ್ಲ, ಲೆಕ್ಕ ಮಾಡಿ 150 ಬಂದಿದ್ದನ್ನ ಅವನೇ ತಪ್ಪು ಅಂತ ಹೊಡೆದುಹಾಕಿದ್ದ!

ನನ್ನ ಮಾತು ಇಷ್ಟೇ. ಕನ್ನಡದಲ್ಲಿ ನಾವು ನೂರಕ್ಕೆ ಇಷ್ಟು ಅಂತೀವಿ, ನೂರರಲ್ಲಿ ಇಷ್ಟು ಅಂತಾನೂ ಅಂತೀವಿ, ಎರಡೂ ಒಂದೇ ಅನ್ಸುತ್ತೆ, ಅಲ್ಲ. ನೂರರಲ್ಲಿ ಅಂದ್ರೆ ಒಂದು ಗುಂಪು ಇದೆ, ಅದರಿಂದ ಒಂದು ಪಾಲು ಎತ್ಕೋತೀವಿ, ಗುಂಪಿಗಿಂತ ಪಾಲು ದೊಡ್ಡದಾಗೋಕೆ ಆಗಲ್ಲ. ನೂರಕ್ಕೆ ಅಂದ್ರೆ ಒಂದೊಂದು ನೂರಿಗೂ ಇಷ್ಟು ಅಂತ, ಅದು ದರ, ಅದು ನೂರಕ್ಕೆ ಮೂರೂ ಆಗಬಹುದು ನೂರಕ್ಕೆ ನೂರೈವತ್ತೂ ಆಗಬಹುದು. ಚಿತ್ರ ಪುಸ್ತಕ ಕಲಿಸೋದು ನೂರರಲ್ಲಿ. ಬದುಕಲ್ಲಿ ಹೆಚ್ಚು ಬೇಕಾಗೋದು ನೂರಕ್ಕೆ. ಮೊದಲು ಕಣ್ಣಿಗೆ ಕಟ್ಟಿದ್ದನ್ನ ಆಮೇಲೆ ಬಿಚ್ಚೋದು ಎಷ್ಟು ಕಷ್ಟ ಅಂತ ಪಾಠ ಮಾಡೋರಿಗೆ ಗೊತ್ತು.

ಬಟ್ಟೆ ಅಂಗಡಿ ಆಫರ್ ತಗೊಳ್ಳಿ, ಶೇ 50 ಡಿಸ್ಕೌಂಟು ಅದರ ಮೇಲೆ ಇನ್ನೂ ಶೇ 20. ಚುಕ್ಕಿ ಲೆಕ್ಕದಲ್ಲಿ 50 ಅಳಿಸಿ ಇನ್ನೊಂದು 20 ಅಳಿಸ್ತೀವಿ, 70 ಹೋಯ್ತು. ನಿಜವಾಗಿ 1000 ರೂಪಾಯಿ ಸೀರೆ 500 ಆಗಿ, ಆ 500ರ ಮೇಲೆ ಶೇ 20 ಅಂದ್ರೆ 100 ಕಳೆದು 400ಕ್ಕೆ ಬರುತ್ತೆ, ಹೋಗಿದ್ದು ಶೇ 60 ಮಾತ್ರ. ಇಲ್ಲಿ ಚಿತ್ರ ಸಹಾಯ ಮಾಡಲ್ಲ ಅಷ್ಟೇ ಅಲ್ಲ, ತಪ್ಪು ಉತ್ತರಾನ ನಂಬೋ ಹಂಗೆ ತೋರಿಸುತ್ತೆ. ಎರಡನೇ ಸಲ ಚುಕ್ಕಿಯೆಲ್ಲಾ ಹೊಸದಾಗಿ ಇಡಬೇಕು ಅಂತ ನೀವು ಹೇಳಬಹುದು, ಆದ್ರೆ ಅದು ಗೊತ್ತಿರೋ ಮಗುವಿಗೆ ಚಿತ್ರದ ಅಗತ್ಯಾನೇ ಇರಲ್ಲ.

ಇನ್ನು ಬಡ್ಡಿ. ಇದು ನನಗೆ ತುಂಬಾ ಹತ್ರದ ವಿಷಯ, ನಮ್ಮ ಮಕ್ಕಳಲ್ಲಿ ಎಷ್ಟೋ ಜನರ ಮನೇಲಿ ಕೈಸಾಲ ಇದೆ. ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂತಾರೆ. ಚೌಕದ ನೂರು ಮನೇಲಿ ಮೂರು ಮನೆಗೆ ಬಣ್ಣ ಹಾಕಿ ನೋಡಿ, ಏನೂ ಅಲ್ಲ ಅನ್ಸುತ್ತೆ. ಆದ್ರೆ ಅದು ತಿಂಗಳಿಗೆ ನೂರಕ್ಕೆ ಮೂರು, ವರ್ಷಕ್ಕೆ 36. ಮದುವೆಗೆ ಅಂತ 50,000 ತಂದ್ರೆ ವರ್ಷಕ್ಕೆ 18,000 ಬಡ್ಡಿಗೇ ಹೋಗುತ್ತೆ, ಅಸಲು ಹಂಗೇ ಕೂತಿರುತ್ತೆ. ಬ್ಯಾಂಕ್‌ನೋರು ವರ್ಷಕ್ಕೆ ಶೇ 12 ಅಂದ್ರೆ ಜಾಸ್ತಿ ಅನ್ಸಿ, ಊರಿನ ನೂರಕ್ಕೆ ಮೂರು ಕಮ್ಮಿ ಅನ್ಸೋದು ಇದರಿಂದಾನೇ. ಆ ತಿಂಗಳು ಅನ್ನೋದನ್ನ ಚುಕ್ಕಿ ನಡುವೆ ಎಲ್ಲಿ ಬರೀತೀರಾ ಹೇಳಿ?

ಸಿಂಗಾಪುರದ ವಿಷಯ ನಾನು ಒಪ್ಪಲ್ಲ ಅಂತಲ್ಲ, ಆದ್ರೆ ಅಲ್ಲಿ ಚಿತ್ರ ಅಂದ್ರೆ ಕಥೆ ಪುಸ್ತಕ ಅಲ್ಲ, ಮಗು ತಾನೇ ಪಟ್ಟಿ ಎಳೆದು, ಬೇಕಾದ್ರೆ ಉದ್ದ ಮಾಡಿ, ಬೇಕಾದ್ರೆ ತುಂಡು ಮಾಡಿ ಲೆಕ್ಕ ಬಿಡಿಸೋ ಸಾಧನ. ಅಚ್ಚಾಗಿರೋ ಪುಟ ಉದ್ದ ಆಗಲ್ಲ. ನಮ್ಮ ತಾತನ ಕಾಲದೋರು ತ್ರೈರಾಶಿ ಅಂತ ಮಾಡ್ತಿದ್ರು, ನೂರಕ್ಕೆ ಮೂರಾದ್ರೆ ಮುನ್ನೂರೈವತ್ತಕ್ಕೆ ಎಷ್ಟು ಅಂತ, ಹತ್ತೂವರೆ ಅಂತ ಬಾಯಲ್ಲೇ ಬರ್ತಿತ್ತು. ಅದರಲ್ಲಿ ದರ ಅನ್ನೋದು ಮೊದಲ ದಿನದಿಂದಾನೇ ಇತ್ತು.

ಹಂಗಾದ್ರೆ ಮಕ್ಕಳ ಕೈಗೆ ಏನು ಕೊಡ್ತೀರಾ ಅಂದ್ರೆ, ಮನೇಲಿ ಇರೋ ಚೀಟಿ ಕೊಡ್ತೀನಿ. ದಿನಸಿ ಬಿಲ್ಲು, ಸಂಘದ ಪಾಸ್‌ಬುಕ್ಕು, 916 ಅಂತ ಅಚ್ಚೊತ್ತಿರೋ ಓಲೆ, ಅಂದ್ರೆ ಸಾವಿರಕ್ಕೆ 916 ಭಾಗ ಚಿನ್ನ. ಹೋದ ತಿಂಗಳು ಒಬ್ಬಳು ಹುಡುಗಿ ಹಾಲಿನ ಡೈರಿ ಚೀಟಿ ತಂದಿದ್ಲು, ಮಡಚಿ ಮಡಚಿ ಅಂಚು ಹರಿದಿತ್ತು, ಫ್ಯಾಟ್ 4.1 ಎಸ್ಎನ್ಎಫ್ 8.4 ಅಂತ ಇತ್ತು, ಅಂದ್ರೆ ಹಾಲಲ್ಲಿ ನೂರಕ್ಕೆ ಕೊಬ್ಬು ಎಷ್ಟು, ಕೊಬ್ಬು ಬಿಟ್ಟು ಮಿಕ್ಕ ಗಟ್ಟಿ ಅಂಶ ಎಷ್ಟು ಅಂತ. ಎರಡೂ ಕೂಡಿಸಿದ್ಲು, 12.5 ಬಂತು, ನೂರರಿಂದ ಕಳೆದ್ಲು, 87.5. "ಮಿಕ್ಕಿದ್ದೆಲ್ಲಾ ನೀರಾ ಸರ್? ನಮ್ಮಮ್ಮ ಒಂದು ಲೋಟಾನೂ ಹಾಕಿಲ್ಲ!" ಅಂತ ಮುಖ ಕೆಂಪು ಮಾಡ್ಕೊಂಡ್ಲು. ಹಸು ಕೊಡೋ ಹಾಲಲ್ಲೇ ಅಷ್ಟು ನೀರಿರುತ್ತೆ ಕಣಮ್ಮ ಅಂತ ಹೇಳಿದೆ. ಹತ್ತು ಲೀಟರ್ ಹಾಕಿದ್ರೆ ಅದರಲ್ಲಿ ಕೊಬ್ಬು ಎಷ್ಟು ಅಂತ ಅವಳೇ ಕೇಳಿ ಅವಳೇ ಲೆಕ್ಕ ಹಾಕಿ ಹೆಚ್ಚುಕಮ್ಮಿ 400 ಗ್ರಾಂ ಅಂದ್ಲು, ನಾನು ಸೂತ್ರ ಕೊಟ್ಟಿರಲಿಲ್ಲ. ಮಾರನೇ ದಿನ ಇನ್ನೂ ಮೂರು ಜನ ಚೀಟಿ ತಂದಿದ್ರು.