ಮುಳ್ಳುಗೋಲಿಗೆ ಒದೆಯುವ ಎತ್ತು

ದೇವರ ಚಿತ್ತಕ್ಕೆ ಎದುರು ನಿಂತು ಗೆಲ್ಲಲು ಯಾರಿಗೂ ಆಗುವುದಿಲ್ಲ ಅನ್ನುತ್ತಾರೆ. ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 5ನೇ ಅಧ್ಯಾಯದಲ್ಲಿ ಗಮಲಿಯೇಲ ಅಂತ ಒಬ್ಬ ಯೆಹೂದಿ ಗುರು ಬರುತ್ತಾನೆ. ಯೇಸುವಿನ ಬಗ್ಗೆ ಸಾರುತ್ತಿದ್ದ ಶಿಷ್ಯ ಪೇತ್ರನನ್ನೂ ಅವನ ಜೊತೆಯವರನ್ನೂ ಕೊಂದೇಬಿಡಬೇಕು ಅಂತ ಯೆಹೂದ್ಯರ ಹಿರೀಸಭೆ ಕುದಿಯುತ್ತಿತ್ತು. ಆಗ ಇವನು ಎದ್ದು, ಇವರ ಗೊಡವೆ ಬಿಡಿ, ಇದು ಮನುಷ್ಯರ ಕೆಲಸವಾದರೆ ತಾನಾಗೇ ಬಿದ್ದುಹೋಗುತ್ತದೆ, ದೇವರದ್ದಾದರೆ ನಿಮ್ಮ ಕೈಯಲ್ಲಿ ಕೆಡವಲು ಆಗುವುದಿಲ್ಲ, ಕೊನೆಗೆ ದೇವರ ಮೇಲೇ ಜಗಳಕ್ಕೆ ನಿಂತ ಹಾಗಾಗುತ್ತದೆ ಅಂದ. ಸಭೆ ಒಪ್ಪಿತು. (ಬಿಡುವ ಮೊದಲು ಹೊಡೆಸಿದರು, ಅದು ಬೇರೆ ಮಾತು.) ಒಪ್ಪದೆ ಹೋದವನು ಅವನದೇ ಶಿಷ್ಯ, ಸೌಲ.

ಸೌಲ ಮಹಾಯಾಜಕನಿಂದ ಪತ್ರ ತೆಗೆದುಕೊಂಡು, ಯೇಸುವನ್ನು ನಂಬಿದವರಲ್ಲಿ ಸಿಕ್ಕಿದವರನ್ನೆಲ್ಲ ಕಟ್ಟಿ ತರಲು ದಮಸ್ಕಕ್ಕೆ ಹೊರಟ. ದಾರಿಯಲ್ಲಿ ಬಿದ್ದ. ಮುಳ್ಳುಗೋಲಿಗೆ ಒದೆಯುವುದು ನಿನಗೇ ಕಷ್ಟ ಅನ್ನೋ ಅರ್ಥದ ಯೇಸುವಿನ ಮಾತು ಆಗ ಕೇಳಿಸಿತಂತೆ. ಅದೇ ಪುಸ್ತಕದ 26ನೇ ಅಧ್ಯಾಯದಲ್ಲಿ ಅವನೇ ಹೇಳಿಕೊಳ್ಳುತ್ತಾನೆ. ಮುಳ್ಳುಗೋಲು ಅಂದರೆ ಎತ್ತನ್ನು ತಿವಿದು ನಡೆಸುವ ಮೊನೆಯ ಕೋಲು. ಎತ್ತು ಸಿಟ್ಟಿನಲ್ಲಿ ಹಿಂದಕ್ಕೆ ಒದ್ದರೆ ಕೋಲಿಗೆ ಏನೂ ಆಗುವುದಿಲ್ಲ, ಮುಳ್ಳು ಕಾಲಿಗೇ ಇಳಿಯುತ್ತದೆ. ಆ ಮಾತಿನಲ್ಲಿ ಗದರಿಕೆಗಿಂತ ಮರುಕ ಜಾಸ್ತಿ ಇದೆ ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಪ್ರವಾದಿ ಯೋನನ ಕಥೆಯಂತೂ ನಗು ತರಿಸುತ್ತದೆ. ನಿನೆವೆ ಪಟ್ಟಣಕ್ಕೆ ಹೋಗಿ ಎಚ್ಚರಿಸು ಅಂತ ದೇವರು ಅಂದರೆ ಯೊಪ್ಪದಲ್ಲಿ ಹಡಗು ಹತ್ತಿ ಬೇರೆ ದಿಕ್ಕಿಗೆ, ತಾರ್ಷೀಷಿನ ಕಡೆ ಓಡಿದ. ಅದೂ ಕೈಯಿಂದ ದುಡ್ಡು ಕೊಟ್ಟು! ಆ ಓಟದಿಂದ ಆದದ್ದೇನು? ಹಡಗಿನ ನಾವಿಕರು ಕೂಡ ಅವನ ದೇವರಿಗೆ ಹರಕೆ ಹೊತ್ತರು. ಕೊನೆಗೆ ಒಲ್ಲದ ಮನಸ್ಸಿನಿಂದ ಹೋಗಿ ಒಂದೇ ಸಾಲಿನ ಪ್ರಸಂಗ ಮಾಡಿದ್ದಕ್ಕೆ ಇಡೀ ಊರು ಪಶ್ಚಾತ್ತಾಪಪಟ್ಟು ಗೋಣಿತಟ್ಟು ಉಟ್ಟುಕೊಂಡಿತು. ಅದನ್ನು ನೋಡಿ ಅವನಿಗೇ ಸಿಟ್ಟು ಬಂತು.

ಇಸ್ರಾಯೇಲರನ್ನು ಬಿಡಲೊಲ್ಲದ ಐಗುಪ್ತದ ರಾಜ ಫರೋಹನ ವಿಷಯ ಇಷ್ಟು ಸುಲಭವಲ್ಲ. ಅವನೇ ಮನಸ್ಸು ಕಠಿಣ ಮಾಡಿಕೊಂಡ ಅಂತಲೂ ಇದೆ, ದೇವರು ಅವನ ಹೃದಯವನ್ನು ಕಠಿಣಪಡಿಸಿದರು ಅಂತಲೂ ಇದೆ. ಹಾಗಾದರೆ ತಪ್ಪು ಯಾರದ್ದು? ರೋಮಾಪುರದವರಿಗೆ ಬರೆದ ಪತ್ರದ 9ನೇ ಅಧ್ಯಾಯದಲ್ಲಿ ಪೌಲ (ಅದೇ ಹಳೇ ಸೌಲ) ಈ ಪ್ರಶ್ನೆಯನ್ನು ತಾನೇ ಎತ್ತಿ, ಕುಂಬಾರನನ್ನು ಮಡಕೆ ಕೇಳುತ್ತದಾ ಅಂತ ಬಾಯಿ ಮುಚ್ಚಿಸುತ್ತಾನೆ. ಇದೇ ಎಳೆ ಹಿಡಿದು ಚರ್ಚಿನವರು ನೆದರ್ಲೆಂಡ್ಸಿನ ಡಾರ್ಟ್‌ನಲ್ಲಿ 1618–19ರಲ್ಲಿ ತಿಂಗಳುಗಟ್ಟಲೆ ಸಭೆ ನಡೆಸಿ, ದೇವರ ಕೃಪೆಯನ್ನು ಮನುಷ್ಯ ಬೇಡ ಅನ್ನಬಹುದು ಅನ್ನುತ್ತಿದ್ದ ಆರ್ಮಿನಿಯಸ್‌ನ ಕಡೆಯವರನ್ನು ಹೊರಗಿಟ್ಟರು. ವಾದ ಮಾತ್ರ ಇನ್ನೂ ಮುಗಿದಿಲ್ಲ. ಆ ಮಡಕೆಯ ಉತ್ತರ ನನಗೂ ಪೂರ್ತಿ ಸಮಾಧಾನ ಕೊಟ್ಟಿಲ್ಲ, ಸುಮ್ನೆ ಯಾಕೆ ಸುಳ್ಳು ಹೇಳಲಿ.

ದೇವರ ಚಿತ್ತ ನಡೆದೇ ತೀರುತ್ತದೆ ಅಂತ ನಾನೂ ನಂಬುತ್ತೇನೆ. ನನ್ನ ತಕರಾರು ಇರುವುದು ಆ ಮಾತನ್ನು ಎತ್ತಿಕೊಂಡು ಓಡಾಡುವವರ ಮೇಲೆ. ನಮ್ಮ ಮನೆಯಲ್ಲಿ ಸಾವಾದಾಗ ಒಬ್ಬರು ಬಂದು, ಅಳಬೇಡಿ, ದೇವರ ಚಿತ್ತಕ್ಕೆ ಎದುರು ನಿಲ್ಲಬಾರದು ಅಂದರು. ಅಳುವುದು ಎದುರು ನಿಲ್ಲುವುದಾ? ಹಾಗಾದರೆ ಇಷ್ಟು ಮಂದಿ ನೀತಿವಂತರಿದ್ದರೆ ಸೊದೋಮ್ ಊರನ್ನು ನಾಶಮಾಡಬೇಡ ಅಂತ, ಆ ಲೆಕ್ಕವನ್ನು ಐವತ್ತರಿಂದ ಹತ್ತಕ್ಕೆ ಇಳಿಸುವ ತನಕ ದೇವರ ಜೊತೆ ಚೌಕಾಸಿ ಮಾಡಿದ ಅಬ್ರಹಾಮ ಏನು ಮಾಡಿದ? ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ, ಈ ಪಾತ್ರೆ ನನ್ನಿಂದ ತೊಲಗಲಿ ಅಂತ ಬೇಡಿಕೊಂಡರಲ್ವಾ? ನಿನ್ನ ಚಿತ್ತದಂತೆ ಆಗಲಿ ಅನ್ನುವ ಮಾತು ಬಂದದ್ದು ಆ ಬೇಡಿಕೆ ಆದ ಮೇಲೆ. ಯೋನ ಬೆನ್ನು ತಿರುಗಿಸಿ ಓಡಿದ, ಇವರು ಮುಖ ಕೊಟ್ಟು ಮಾತಾಡಿದರು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಹೇಗೆ?

ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಪುಸ್ತಕದ ಕೊನೆ ಅಧ್ಯಾಯ ತೆಗೆದು ನೋಡಿ. ನಿನ್ನ ಯಾವ ಸಂಕಲ್ಪವನ್ನೂ ತಡೆಯಲು ಆಗುವುದಿಲ್ಲ ಅಂತ ಅಲ್ಲಿ ಒಪ್ಪಿಕೊಳ್ಳುವವನು ಅಷ್ಟು ಅಧ್ಯಾಯ ದೇವರ ಜೊತೆ ಜಗಳಾಡಿದ ಯೋಬನೇ. ಅವನ ಮೂವರು ಗೆಳೆಯರು ದೇವರ ಪರವಾಗಿಯೇ ವಾದ ಮಾಡಿದ್ದರು. ನೀವು ನನ್ನ ವಿಷಯವಾಗಿ ಸರಿಯಾಗಿ ಮಾತಾಡಲಿಲ್ಲ ಅಂತ ದೇವರು ರೇಗಿದ್ದು ಅವರ ಮೇಲೆ. ಬಲಿಗೆ ಅಂತ ಏಳು ಹೋರಿ, ಏಳು ಟಗರು ಹೊಡೆದುಕೊಂಡು ಅವರು ಯೋಬನ ಹತ್ತಿರವೇ ಹೋಗಬೇಕಾಯಿತು, ನಮಗೋಸ್ಕರ ಪ್ರಾರ್ಥನೆ ಮಾಡಪ್ಪ ಅಂತ.